ಹಬ್ಬದ ದಿನ ಜಾಕಿಯ ತಟ್ಟೆ

ನಮ್ಮ ಚಿಕ್ಕಪ್ಪ ಫೆಲಿಮ್ ತನ್ನ ಕೈಯಾರೆ ನನ್ನ ತಟ್ಟೆಗೆ ಆಲೂಗಡ್ಡೆ ಬಡಿಸಿದಾಗಲೇ ನನಗೆ ಏನೋ ವಾಸನೆ ಹೊಡೆಯಿತು. ಒಂದೆರಡಲ್ಲ, ತಟ್ಟೆಯ ಅಂಚು ಮುಚ್ಚಿಹೋಗುವಷ್ಟು. ಕೊಬ್ಬಿನಲ್ಲಿ ಹುರಿದು ಗರಿಗರಿಯಾದವು. ಪಕ್ಕಕ್ಕೆ ಉಪ್ಪಿನಲ್ಲಿ ನೆನೆಸಿ ಬೇಯಿಸಿದ ಹಂದಿ ಮಾಂಸ, ಬ್ರೆಡ್ಡಿನ ಹೂರಣ, ಎಲ್ಲದರ ಮೇಲೆ ಸುರಿದ ಕಂದು ಬಣ್ಣದ ಗಟ್ಟಿ ಸಾರು.

"ತಿನ್ನೇ ಮಗಳೇ," ಅಂದ. "ವರ್ಷಕ್ಕೊಂದು ಹಬ್ಬ. ನೋಡು, ಮೂಳೆ ಚಕ್ಕಳ ಆಗ್ಬಿಟ್ಟಿದೀಯ."

ಮಗಳೇ ಅಂತೆ! ಹನ್ನೊಂದು ವರ್ಷದಿಂದ ಈ ಮನುಷ್ಯ ಪಳಗಿಸಿದ ಕುದುರೆಗಳನ್ನು ರೇಸಿನಲ್ಲಿ ಓಡಿಸುತ್ತಿದ್ದೇನೆ. ಹಬ್ಬದ ಬೆಳಿಗ್ಗೆ ಕುದುರೆ ಹತ್ತಿದವರಿಗೆ ಟ್ರೈನರ್ ಮನೆಯಲ್ಲೇ ಊಟ ಎನ್ನುವುದು ನಮ್ಮ ಲಾಯದ ರೂಢಿ, ಹಾಗಾಗಿ ಅಷ್ಟೂ ಕ್ರಿಸ್‌ಮಸ್ ಅವನ ಮೇಜಿಗೇ ಕೂತಿದ್ದೇನೆ. ಟರ್ಕಿ ಕೋಳಿ ಕೊಯ್ಯುವುದು ಮನೆಯ ಯಜಮಾನನ ಕೆಲಸ. ಅವನು ಕೊಯ್ದು ನನಗೆ ಹಾಕುತ್ತಿದ್ದ ತುಂಡು ಎಷ್ಟು ತೆಳ್ಳಗಿರುತ್ತಿತ್ತೆಂದರೆ ಅದರ ಕೆಳಗಿನ ತಟ್ಟೆಯ ಹೂವಿನ ಚಿತ್ರ ಕಾಣುತ್ತಿತ್ತು. ಜೊತೆಗೆ ಬೆಂದ ಪುಟಾಣಿ ಕೋಸು ಎರಡು. "ಜಾಕಿಗೆ ಇಷ್ಟು ಸಾಕು" ಎನ್ನುವುದು ಅವನ ಮಂತ್ರ.

ನಮ್ಮ ಕಸುಬಿನವರಿಗೆ ಕ್ರಿಸ್‌ಮಸ್ ಅಂದರೆ ಹಬ್ಬವಲ್ಲ, ಶಿಕ್ಷೆ. ಮಾರನೆಯ ದಿನ ಸೇಂಟ್ ಸ್ಟೀಫನ್ ದಿನ. ಅರ್ಧ ಐರ್ಲೆಂಡ್ ರೇಸ್ ಮೈದಾನದಲ್ಲಿ, ಉಳಿದರ್ಧ ಟೀವಿ ಮುಂದೆ. ಊರಿಗೆ ಊರೇ ಹೊಟ್ಟೆ ಬಿರಿಯ ಉಂಡು ಸೋಫಾ ಮೇಲೆ ಉರುಳಿಕೊಂಡಿರುವಾಗ ಜಾಕಿಯಾದವಳು ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕಿಕೊಂಡು ಮಲಗಬೇಕು. ಅಂಥಾದ್ದರಲ್ಲಿ ಈ ಚಿಕ್ಕಪ್ಪ, ತಾನು ಜಾಕಿಯಾಗಿದ್ದಾಗ ಹಸಿವೇ ತನ್ನನ್ನು ಗೆಲ್ಲಿಸಿದ್ದು ಎಂದು ಸಾಯುವವರೆಗೆ ಹೇಳುವ ಈ ಚಿಕ್ಕಪ್ಪ, ನನಗೆ ಆಲೂಗಡ್ಡೆ ಬಡಿಸುತ್ತಿದ್ದಾನೆ.

ಎದುರಿಗೆ ಅವನ ಮಗ ಕಿಲಿಯನ್ ಕೂತಿದ್ದ. ನನಗಿಂತ ಒಂಬತ್ತು ವರ್ಷ ಚಿಕ್ಕವನು, ಅವನೂ ಜಾಕಿ. ಅವನ ತಟ್ಟೆಯಲ್ಲಿ ಆ ಎರಡು ಕೋಸು ಮಾತ್ರ ಇದ್ದವು. ತುಟಿ ಒಣಗಿ ಬಿರುಕು ಬಿಟ್ಟಿತ್ತು, ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು.

"ಏನೋ ನಿಂದು ಅವತಾರ?" ಅಂದೆ.

"ಬೆಳಿಗ್ಗೆ ಬಿಸಿನೀರಲ್ಲಿ ಕೂತಿದ್ದೆ ಅಕ್ಕ. ಉಪ್ಪು ಹಾಕ್ಕೊಂಡು," ಅಂದ ಅವನು, ಅಪ್ಪನ ಕಡೆ ನೋಡುತ್ತ.

ಮೈ ಬೆವರಿಸಿ ತೂಕ ಇಳಿಸುವ ಹಳೇ ಉಪಾಯ ಅದು. ಆದರೆ ಕಿಲಿಯನ್‌ಗೆ ನಾಳೆ ಒಂದು ಸವಾರಿಯೂ ಇರಲಿಲ್ಲ. ಸವಾರಿ ಇಲ್ಲದವನು ಹಬ್ಬದ ದಿನ ಯಾಕೆ ಬೆವರಬೇಕು?

ಆಗ ನನಗೆ ಎಲ್ಲ ಅರ್ಥವಾಯಿತು. ಮೈಯೆಲ್ಲ ಉರಿದುಹೋಯಿತು.

ವಿಷಯ ಇಷ್ಟು. ನಾಳೆ ಲಿಮರಿಕ್‌ನಲ್ಲಿ ಟಾರ್ ಬ್ಯಾರೆಲ್ ಓಡಬೇಕು. ಕಪ್ಪು ಕುದುರೆ, ಎದೆ ಪೀಪಾಯಿಯಷ್ಟು ದಪ್ಪ. ಅದು ಮೂರು ವರ್ಷದ ಮರಿಯಾಗಿದ್ದಾಗ ಅದರ ಬೆನ್ನ ಮೇಲೆ ಮೊದಲು ಕೂತವಳು ನಾನು. ಮೊದಲು ಬೇಲಿ ಹಾರಿಸಿದವಳೂ ನಾನೇ. ಚಿಕ್ಕಪ್ಪನಿಗೆ ಮಾತ್ರ ಆ ಕುದುರೆ ಮೇಲೆ ಮಗನನ್ನು ಕೂರಿಸುವ ಆಸೆ. ಕುದುರೆಯ ಒಡತಿ ಮಿಸೆಸ್ ಟೂಮಿ, ತೊಂಬತ್ತರ ಹತ್ತಿರದ ಹಟಮಾರಿ ಮುದುಕಿ, "ಓರ್ಲಾನೇ ಹತ್ತಬೇಕು, ಇಲ್ಲಾಂದ್ರೆ ಬೇರೆ ಲಾಯ ನೋಡ್ಕೋತೀನಿ" ಎಂದು ಕಡ್ಡಿ ಮುರಿದಂತೆ ಹೇಳಿದ್ದಳು. ಓರ್ಲಾ ಅಂದರೆ ನಾನು, ನನ್ನ ಹೆಸರು ಆಗಲೇ ನಾಳೆಯ ಸವಾರರ ಪಟ್ಟಿಗೆ ಸೇರಿಹೋಗಿತ್ತು. ಅದನ್ನು ಅಳಿಸಲು ಚಿಕ್ಕಪ್ಪನಿಗೆ ಉಳಿದಿದ್ದ ದಾರಿ ಒಂದೇ. ಕುದುರೆ ಹೊರಬೇಕಾದ ತೂಕ ಹತ್ತು ಸ್ಟೋನ್, ಅಂದರೆ ನಾನು, ನನ್ನ ಜೀನು, ಬೂಟು ಎಲ್ಲ ಸೇರಿ ಅರವತ್ತಮೂರೂವರೆ ಕಿಲೋ. ನಾಳೆ ಮೈದಾನದ ತಕ್ಕಡಿಯಲ್ಲಿ ನಾನು ಅದಕ್ಕಿಂತ ಹೆಚ್ಚು ತೂಗಿದರೆ ಜಾಕಿಯನ್ನು ಬದಲಾಯಿಸಬಹುದು. ಒಮ್ಮೆ ಕಿಲಿಯನ್ ಹತ್ತಿ ಗೆದ್ದರೆ ಮುಗಿಯಿತು, ಟಾರ್ ಬ್ಯಾರೆಲ್ ಮತ್ತೆ ನನ್ನ ಕೈಗೆ ಬರುವುದಿಲ್ಲ. ಅದಕ್ಕೇ ಈ ಆಲೂಗಡ್ಡೆ ಪ್ರೀತಿ.

ಇದರ ಬೇರು ಇರುವುದು ಹೋದ ಮಾರ್ಚ್ ತಿಂಗಳಲ್ಲಿ. ಅವತ್ತೂ ಇದೇ ಲಿಮರಿಕ್‌ನಲ್ಲಿ ನಾನೇ ಟಾರ್ ಬ್ಯಾರೆಲ್ ಮೇಲಿದ್ದೆ. ಚಿಕ್ಕಪ್ಪನ ಮಂತ್ರದ ಪ್ರಕಾರ ವಾರಪೂರ್ತಿ ಕಪ್ಪು ಟೀ, ಒಣ ಬಿಸ್ಕತ್ತು, ಬಿಸಿನೀರು. ಬೆಳಿಗ್ಗೆ ಕುದುರೆ ಓಡಿಸಿ ಇಳಿದರೆ ಮತ್ತೆ ಕಪ್ಪು ಟೀ. ತೂಕ ಸರಿಯಾಗಿಯೇ ಇಳಿದಿತ್ತು. ಆದರೆ ಆ ಕುದುರೆಗೆ ಲಗಾಮು ಜಗ್ಗುವ ಚಟ. ಮೊದಲ ಬೇಲಿಯಿಂದಲೇ ತೋಳು ಕಿತ್ತುಬರುವ ಹಾಗೆ ಎಳೆಯುತ್ತದೆ. ತಡೆದು ತಡೆದು ಕೊನೆಗೆ ಬಿಟ್ಟರೆ ಅದನ್ನು ಮೀರಿಸುವ ಕುದುರೆ ಇಲ್ಲ. ಮೊದಲೇ ಬಿಟ್ಟರೆ ಅರ್ಧ ದಾರಿಯಲ್ಲೇ ಉಸಿರು ಖಾಲಿ. ಎರಡನೇ ಸುತ್ತಿಗೆ ನನ್ನ ತೋಳು ನೆನೆದ ಹಗ್ಗವಾಗಿಬಿಟ್ಟವು. ಬೆರಳು ಲಗಾಮಿನ ಮೇಲಿವೆ, ಹಿಡಿತ ಮಾತ್ರ ಇಲ್ಲ. ಅದು ಕಿತ್ತುಕೊಂಡು ಹೋಗಿ, ದಣಿದು, ಬೇಲಿಗೆ ಎದೆ ಕೊಟ್ಟು ಬಿತ್ತು. ನನ್ನ ಹೆಗಲ ಮೂಳೆ ಮುರಿಯಿತು. ಕುದುರೆ ಬೇಸಿಗೆಯಿಡೀ ಕುಂಟಿತು. ಅದಕ್ಕಾಗಿ ನಾನು ಅತ್ತಷ್ಟು ನನ್ನ ಮೂಳೆಗಾಗಿ ಅಳಲಿಲ್ಲ.

"ಹೆಂಗಸಿನ ತೋಳು ಕಣಯ್ಯ, ಇನ್ನೇನಾಗುತ್ತೆ" ಎಂದು ಚಿಕ್ಕಪ್ಪ ಊರಿಗೆಲ್ಲ ಹೇಳಿಕೊಂಡು ಬಂದ.

ಡಬ್ಲಿನ್‌ನಲ್ಲಿ ಜಾಕಿಗಳನ್ನೇ ನೋಡುವ ಪಥ್ಯದ ಡಾಕ್ಟರಮ್ಮ ಒಬ್ಬಳಿದ್ದಾಳೆ. ಹೆಗಲಿಗೆ ಪಟ್ಟಿ ಕಟ್ಟಿಕೊಂಡೇ ಅವಳ ಹತ್ತಿರ ಹೋದೆ. ಅವಳು ನನ್ನ ತೋಳು ಚಿವುಟಿ ನೋಡಿದಳು.

"ತೂಕ ಇಳಿಸಿದೀಯ, ಒಪ್ಪಿದೆ. ಇಳಿದಿದ್ದು ಏನು ಗೊತ್ತಾ? ಇದು," ಅಂದಳು, ಇನ್ನೊಮ್ಮೆ ಚಿವುಟಿ. "ಮೈ ಬಗ್ಗಿಸಿ ದುಡಿದ ಮೇಲೆ ದೇಹ ಊಟ ಕೇಳುತ್ತೆ. ನೀನು ಕೊಡ್ಲಿಲ್ಲ ಅಂದ್ರೆ ಅದು ನಿನ್ನ ಮಾಂಸಖಂಡಕ್ಕೇ ಬಾಯಿ ಹಾಕುತ್ತೆ."

"ಹಾಗಾದ್ರೆ ತಿಂದ್ಕೊಂಡು ತೂಕ ಇಳಿಸ್ಲಾ? ತಮಾಷೆ ಮಾಡ್ತೀರಾ?"

"ತಮಾಷೆ ಮಾಡಿದ್ದು ಆ ನಿನ್ನ ಕಪ್ಪು ಟೀ," ಅಂದಳು.

ಅಂದಿನಿಂದ ನನ್ನ ದಾರಿಯೇ ಬೇರೆಯಾಯಿತು. ತೂಕ ನಿಧಾನ ಇಳಿಯಲಿ, ತಿಂಗಳುಗಟ್ಟಲೆ ಹಿಡಿಯಲಿ. ಬ್ರೆಡ್ಡು, ಬಿಸ್ಕತ್ತು, ಬಿಯರು ಕಡಿಮೆ. ಆದರೆ ಕುದುರೆಯಿಂದ ಇಳಿದ ತಕ್ಷಣ, ಬೂಟು ಬಿಚ್ಚುವ ಮೊದಲೇ, ಬೆಂದ ಮೊಟ್ಟೆ, ಒಂದು ದೊಡ್ಡ ಲೋಟ ಹಾಲು, ಇಲ್ಲವೇ ಡಬ್ಬಿಯ ಮೀನು. ಮಧ್ಯಾಹ್ನ ಕೋಳಿ, ಮಲಗುವ ಮುಂಚೆ ಗಟ್ಟಿ ಮೊಸರು. ಸಂಜೆ ಕೊಟ್ಟಿಗೆಯಲ್ಲಿ ಭಾರ ಎತ್ತುವುದನ್ನು ಮಾತ್ರ ತಪ್ಪಿಸುವಂತಿಲ್ಲ. ಖಂಡಕ್ಕೆ ಕೆಲಸವೂ ಬೇಕು, ಕೂಳೂ ಬೇಕು, ಆಗ ದೇಹ ಕೊಬ್ಬನ್ನು ಕರಗಿಸಿಕೊಂಡು ಖಂಡವನ್ನು ಬಿಟ್ಟುಬಿಡುತ್ತದೆ.

ಲಾಯದವರು ಬಿಡುತ್ತಾರೆಯೇ? ನಾನು ಮೊಟ್ಟೆ ಸುಲಿಯಲು ಕೂತರೆ ಸಾಕು.

"ಏನಕ್ಕ, ಇವತ್ತು ಎಷ್ಟು ಇಟ್ಟೆ?" ಎಂದು ಒಬ್ಬ ಕೇಳುವನು.

"ನಿನ್ನ ತಲೇಲಿ ಇರೋದಕ್ಕಿಂತ ಜಾಸ್ತಿ," ಎನ್ನುವೆ ನಾನು.

ಚಿಕ್ಕಪ್ಪ ಮಾತ್ರ ನಗುತ್ತಿರಲಿಲ್ಲ. ಜೀನಿನ ಕೋಣೆಯಲ್ಲಿ ಆಲೂಗಡ್ಡೆ ಮೂಟೆ ತೂಗುವ ಹಳೇ ಯಂತ್ರ ಒಂದಿದೆ. ದಿನಾ ಎಲ್ಲರನ್ನೂ ಅದರ ಮೇಲೆ ಹತ್ತಿಸಿ ತೂಕ ಕೂಗುವುದು ಅವನ ಅಭ್ಯಾಸ, ಎಲ್ಲರ ಎದುರಿಗೆ ನಾಚಿಕೆಯಾಗಲಿ ಎಂದು. ಈ ಹಬ್ಬದ ಬೆಳಿಗ್ಗೆಯೂ ಕುದುರೆ ಓಡಿಸಿ ಬಂದು ಹತ್ತಿದ್ದೆ. ಮೈಮೇಲೆ ದಪ್ಪ ಕೋಟು, ಹೊಟ್ಟೆಯಲ್ಲಿ ಒಂದು ಬಾಟಲಿ ನೀರು. "ಎರಡು ಪೌಂಡ್ ಜಾಸ್ತಿ!" ಎಂದು ಕೂಗಿದ. ಕೂಗುವಾಗ ಅವನ ಮುಖ ಅರಳಿದ್ದು ಯಾಕೆಂದು ಈಗ, ಈ ತಟ್ಟೆ ಮುಂದೆ ಕೂತಾಗ, ಗೊತ್ತಾಯಿತು.

"ಯಾಕೆ ಸುಮ್ನೆ ಕೂತ್ಕೊಂಡೆ? ಶುರು ಮಾಡು," ಅಂದ ಚಿಕ್ಕಪ್ಪ.

ಅವನ ಲೆಕ್ಕಾಚಾರ ಎರಡು ಕಡೆಯಿಂದಲೂ ಸರಿಯಾಗಿತ್ತು. ತಿಂದರೆ ನಾಳೆ ತೂಕ ಹೆಚ್ಚು, ಸವಾರಿ ಕಿಲಿಯನ್‌ಗೆ. ಹೆದರಿ ಉಪವಾಸ ಬಿದ್ದರೆ ಮತ್ತೆ ತೋಳು ಸತ್ತು ಮಾರ್ಚ್ ತಿಂಗಳ ಕತೆಯೇ ಆಗುತ್ತದೆ, ಆಮೇಲೆ ಮಿಸೆಸ್ ಟೂಮಿಯೇ ನನ್ನನ್ನು ಕೈಬಿಡುತ್ತಾಳೆ. ಥೂ, ಎಂಥಾ ಬುದ್ಧಿ! ನನ್ನ ಅಪ್ಪನ ಒಡಹುಟ್ಟಿದವನು!

ನಾನು ತಟ್ಟೆಯನ್ನು ಎರಡು ಕೈಯಲ್ಲಿ ಎತ್ತಿ ಅವನ ಮುಂದೆ ಇಟ್ಟೆ. ಎದ್ದು ನಿಂತೆ. ಅವನ ಕೈಯ ಪಕ್ಕದಲ್ಲಿದ್ದ ಕೋಳಿ ಕೊಯ್ಯುವ ಚೂರಿಯನ್ನು ತೆಗೆದುಕೊಂಡೆ.

ನೊರೀನ್ ಚಿಕ್ಕಮ್ಮನ ಕೈಯಲ್ಲಿದ್ದ ಚಮಚ ಗಾಳಿಯಲ್ಲೇ ನಿಂತಿತು. ಆ ಮನೆಯಲ್ಲಿ ಆ ಚೂರಿಯನ್ನು ಚಿಕ್ಕಪ್ಪ ಮುಟ್ಟುತ್ತಿದ್ದ, ಅವನಿಗಿಂತ ಮೊದಲು ಅಜ್ಜ ಮುಟ್ಟುತ್ತಿದ್ದ, ಬೇರೆ ಯಾರೂ ಮುಟ್ಟಿದ್ದಿಲ್ಲ.

"ಇಡೇ ಅದನ್ನ," ಅಂದ.

"ಇಡ್ತೀನಿ ಚಿಕ್ಕಪ್ಪ, ಕೊಯ್ದ ಮೇಲೆ."

ಟರ್ಕಿಯ ಎದೆಭಾಗದಿಂದ ನನ್ನ ಅಂಗೈಯಷ್ಟು ದಪ್ಪದ ತುಂಡು ಕೊಯ್ದೆ. ಚರ್ಮ ತೆಗೆದೆ. ಇನ್ನೊಂದು ಕೊಯ್ದೆ. ಖಾಲಿ ತಟ್ಟೆಗೆ ಹಾಕಿಕೊಂಡು ಕೂತೆ. ಸಾರು ಬೇಡ, ಹಂದಿ ಮಾಂಸ ಬೇಡ, ಉಪ್ಪು ಮೈಯಲ್ಲಿ ನೀರು ಹಿಡಿಯುತ್ತದೆ. ಆಲೂಗಡ್ಡೆ ಬೇಡ, ಕೋಸೂ ಬೇಡ, ಹೊಟ್ಟೆಯಲ್ಲಿ ಕೂತು ತೂಗುತ್ತವೆ. ಕೋಳಿ ಮಾತ್ರ. ಬೆಳಿಗ್ಗೆ ಆ ಕುದುರೆಯ ಜೊತೆ ಜಗ್ಗಾಡಿ ಬಂದ ತೋಳುಗಳಿಗೆ ಕೊಡಬೇಕಾದ್ದನ್ನು ಕೊಟ್ಟೇ ಸಿದ್ಧ.

"ನಾಳೆ ತಕ್ಕಡಿ ಮೇಲೆ ನಿನ್ನ ಸೊಕ್ಕು ಎಷ್ಟು ತೂಗುತ್ತೆ ನೋಡ್ತೀನಿ," ಅಂದ ಚಿಕ್ಕಪ್ಪ.

"ನೋಡು. ಕಿಲಿಯನ್‌ನೂ ಕರ್ಕೊಂಡು ಬಾ, ಹೇಗೂ ಬೇಯಿಸಿಟ್ಟಿದೀಯಲ್ಲ."

ಚಿಕ್ಕಪ್ಪನ ಮುಖ ಕೆಂಪಾಯಿತು. ಕಿಲಿಯನ್ ತಲೆ ತಗ್ಗಿಸಿ ತನ್ನ ಕೋಸನ್ನು ಫೋರ್ಕಿನಿಂದ ಆ ಕಡೆ ಈ ಕಡೆ ಉರುಳಿಸುತ್ತಿದ್ದ. ಚಿಕ್ಕಮ್ಮ ಗಂಡನನ್ನು ನೋಡಿದಳು, ಮಗನನ್ನು ನೋಡಿದಳು, ಎದ್ದು ಅಡುಗೆಮನೆಗೆ ಹೋದಳು. ನಾನು ಎರಡೂ ತುಂಡುಗಳನ್ನು ನಿಧಾನವಾಗಿ, ಅಗಿದು ಅಗಿದು, ಅವನ ಕಣ್ಣೆದುರೇ ತಿಂದು ಮುಗಿಸಿದೆ. ಕ್ರಿಸ್‌ಮಸ್ ಊಟದ ರುಚಿ ಹೇಗಿರುತ್ತದೆ ಎನ್ನುವುದು ಆ ಮನೆಯಲ್ಲಿ ನನಗೆ ಅವತ್ತೇ ಮೊದಲು ಗೊತ್ತಾದದ್ದು.

ಆ ಮೇಲೆ ಮನೆಗೆ ಹೋಗಿ ನೀರು ಕಡಿಮೆ ಮಾಡಿದೆ, ಗಂಟಲು ಒಣಗಿದಾಗ ಒಂದೊಂದು ಗುಟುಕು. ಹೆದರಿಕೆಯೇ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಹಾಸಿಗೆಯಲ್ಲಿ ಬಿದ್ದುಕೊಂಡು, ಆ ಎರಡನೇ ತುಂಡು ಹೆಚ್ಚಾಯಿತೇನೋ ಎಂದು ಹತ್ತು ಸಲ ಅಂದುಕೊಂಡೆ. ಎದ್ದು ಬಿಸಿನೀರಿಗೆ ಇಳಿದುಬಿಡೋಣ ಎಂದೂ ಅನ್ನಿಸಿತು. ಇಳಿಯಲಿಲ್ಲ.

ಲಿಮರಿಕ್ ಮೈದಾನ ಕಿಕ್ಕಿರಿದಿತ್ತು. ತೂಕದ ಕೋಣೆಯ ಬಾಗಿಲಲ್ಲಿ ಚಿಕ್ಕಪ್ಪ ಹೊಸ ಟೋಪಿ ಹಾಕಿಕೊಂಡು ನಿಂತಿದ್ದ. ಅವನ ಹಿಂದೆ ಕಿಲಿಯನ್, ಬೂಟು, ಬಿಳಿ ಸವಾರಿ ಪ್ಯಾಂಟು, ಎಲ್ಲ ತೊಟ್ಟು ತಯಾರಾಗಿದ್ದ. ಮದುಮಗ ಓಡಿಹೋದರೆ ಇರಲಿ ಎಂದು ಇನ್ನೊಬ್ಬನನ್ನು ಸಿಂಗರಿಸಿ ತಂದ ಹಾಗೆ ಕಾಣುತ್ತಿತ್ತು. ಪಾಪ, ಅವನು ನಿಲ್ಲಲಾರದೆ ಗೋಡೆಗೆ ಒರಗಿಕೊಂಡಿದ್ದ.

ಜಾಕಿಗಳ ಬಟ್ಟೆ ಜೀನು ನೋಡಿಕೊಳ್ಳುವ ಮುದುಕ ಡಿನ್ನಿ ನನ್ನ ಕಿವಿಯಲ್ಲಿ, "ಹಗುರದ ಬೂಟು ಕೊಡ್ಲಾ ತಾಯಿ? ಕಾಗದದ ಥರ ಇದೆ. ತೂಕ ಆದ್ಮೇಲೆ ಬದಲಾಯಿಸ್ಕೊಂಡ್ರಾಯ್ತು," ಅಂದ.

ಹಳೇ ಮೋಸ ಅದು. ಎಷ್ಟೋ ಜನ ಮಾಡುತ್ತಾರೆ.

"ಬೇಡ ಡಿನ್ನಿ. ನನ್ನ ಬೂಟೇ ಕೊಡು. ಅದರ ಮಣ್ಣೂ ಒರೆಸ್ಬೇಡ."

ಜೀನನ್ನು ಮಡಿಲಲ್ಲಿಟ್ಟುಕೊಂಡು ತಕ್ಕಡಿಯ ಕುರ್ಚಿಯಲ್ಲಿ ಕೂತೆ. ಚಿಕ್ಕಪ್ಪ ಕುತ್ತಿಗೆ ಉದ್ದ ಮಾಡಿದ. ಅಂಕಿ ಏರಿತು, ಸ್ವಲ್ಪ ಇಳಿಯಿತು, ನಿಂತಿತು.

"ಹತ್ತು ಸ್ಟೋನಿಗೆ ಅರ್ಧ ಪೌಂಡ್ ಕಮ್ಮಿ," ಅಂದ ತೂಕದ ಅಧಿಕಾರಿ. "ಜೀನಿನ ಕೆಳಗೆ ಇನ್ನೊಂದು ಬಟ್ಟೆ ಹಾಕಿಸ್ಕೊಳ್ಳಿ ಮೇಡಂ."

ತೂಕ ಸಾಲದು! ಡಿನ್ನಿ ದಪ್ಪ ಬಟ್ಟೆ ತಂದುಕೊಟ್ಟ, ಅಂಕಿ ಸರಿಯಾಯಿತು. ನಾನು ಕೇಕೆ ಹಾಕಲಿಲ್ಲ. ಚಿಕ್ಕಪ್ಪನ ಪಕ್ಕದಲ್ಲಿ ಹಾದುಹೋಗುವಾಗ ಒಂದೇ ಮಾತು ಹೇಳಿದೆ. "ಸೊಕ್ಕು ತೂಗಲ್ಲ ಚಿಕ್ಕಪ್ಪ. ಆಲೂಗಡ್ಡೆ ತೂಗುತ್ತೆ."

ಓಟ ಶುರುವಾದ ಕೂಡಲೇ ಟಾರ್ ಬ್ಯಾರೆಲ್ ತನ್ನ ಬುದ್ಧಿ ತೋರಿಸಿತು. ತಲೆ ಕೆಳಗೆ ಹಾಕಿ ಜಗ್ಗಿತು. ಜಗ್ಗಪ್ಪ, ಜಗ್ಗು, ಅಂದೆ. ಒದ್ದೆ ನೆಲ, ಮುಖಕ್ಕೆ ಎರಚುವ ಕೆಸರು, ಮುಂದೆ ಐದಾರು ಕುದುರೆ. ಒಂದು ಸುತ್ತು ಮುಗಿಯಿತು, ತೋಳು ಉರಿಯತೊಡಗಿತು. ಇನ್ನೇನು ಆ ಜಾಗ ಬಂತು, ಮಾರ್ಚ್‌ನಲ್ಲಿ ಬೆರಳು ಸತ್ತಂಥ ಎರಡನೇ ಸುತ್ತಿನ ತಿರುವು. ಅದು ಜಗ್ಗಿತು. ನಾನೂ ಜಗ್ಗಿದೆ. ಉರಿ ಇತ್ತು, ಆದರೆ ಉರಿಯ ಹಿಂದೆ ತೋಳೂ ಇತ್ತು! ಬೆರಳು ಬಿಗಿದೇ ಇದ್ದವು. ನಾನು ಗಟ್ಟಿಯಾಗಿ ನಕ್ಕುಬಿಟ್ಟೆ, ಬಾಯಿಗೆ ಕೆಸರು ಬಿತ್ತು. ಕುದುರೆಯ ಕಿವಿ ಹಿಂದಕ್ಕೆ ತಿರುಗಿತು, ಇವಳಿಗೇನಾಯಿತು ಎನ್ನುವಂತೆ. ನಿಧಾನವಾಗಿ ಅದು ನನ್ನ ಕೈಗೆ ಒಗ್ಗಿಕೊಂಡಿತು. ಕೊನೆಯ ಎರಡು ಬೇಲಿ ಇವೆ ಎನ್ನುವಾಗ ಲಗಾಮು ಸಡಿಲ ಬಿಟ್ಟೆ.

ಉಳಿದದ್ದನ್ನು ಅದೇ ಮಾಡಿತು. ಕೊನೆಯ ಬೇಲಿಯನ್ನು ಎಲ್ಲರಿಗಿಂತ ಮೊದಲು ಹಾರಿ, ಒಂದೂವರೆ ಕುದುರೆಯುದ್ದ ಮುಂದಿದ್ದು ಗೆದ್ದಿತು. ಅದರ ಕತ್ತು ತಬ್ಬಿಕೊಂಡೆ. ಕಣ್ಣೀರೋ ಬೆವರೋ ಗೊತ್ತಿಲ್ಲ, ಮುಖವೆಲ್ಲ ಒದ್ದೆಯಾಗಿತ್ತು.

ಮತ್ತೆ ತಕ್ಕಡಿ, ಮತ್ತೆ ಸರಿ. ಹೊರಗೆ ಬಂದರೆ ಮಿಸೆಸ್ ಟೂಮಿ ಕುರ್ಚಿಯಲ್ಲಿ ಕೂತೇ ಕೋಲು ಎತ್ತಿ ಬೀಸಿದಳು. ಫೋಟೋದವರು ಕೂಗಿದರು. ಚಿಕ್ಕಪ್ಪ ಸಿಕ್ಕಿದವರಿಗೆಲ್ಲ ಕೈಕುಲುಕುತ್ತ, "ನಮ್ಮ ಮನೆ ಹುಡುಗಿ" ಎಂದು ಹೇಳುತ್ತಿದ್ದ. ನನಗೆ ಅದೆಲ್ಲ ಆಮೇಲೆ. ಡಿನ್ನಿಯ ಕೈಯಲ್ಲಿದ್ದ ನನ್ನ ಚೀಲದಿಂದ ಡಬ್ಬಿ ತೆಗೆದು, ಅಲ್ಲೇ ಕಟಕಟೆಗೆ ಒರಗಿ, ಕೆಸರು ಮೆತ್ತಿದ ಕೈಯಲ್ಲೇ ಮೊಟ್ಟೆ ಸುಲಿದೆ.

"ಏ, ಇಲ್ಲಿ ತಿನ್ಬೇಡ ಕಣೇ! ಜನ ನೋಡ್ತಾರೆ," ಅಂದ ಚಿಕ್ಕಪ್ಪ, ಹಲ್ಲು ಕಚ್ಚಿಕೊಂಡು. ಅವು ಅವನ ಹಲ್ಲಲ್ಲ. ಮೂವತ್ತು ವರ್ಷ ತಿಂದದ್ದನ್ನು ಬಾಯಿಗೆ ಬೆರಳಿಟ್ಟು ಕಕ್ಕಿ ಕಕ್ಕಿ ಅವನ ಸ್ವಂತ ಹಲ್ಲು ಎಂದೋ ಉದುರಿಹೋಗಿವೆ.

"ನೋಡ್ಲಿ," ಎಂದು ಬಾಯಿ ತುಂಬಿಕೊಂಡೇ ಹೇಳಿದೆ.

ಕಿಲಿಯನ್ ಹತ್ತಿರ ಬಂದ. ಅವನು ಇನ್ನೂ ಓಡದ ಜಾಕಿಯ ಶುಭ್ರ ಬಟ್ಟೆಯಲ್ಲೇ ಇದ್ದ. ಮೊಟ್ಟೆಯನ್ನೇ ನೋಡುತ್ತಿದ್ದ.

"ಅಕ್ಕ, ಒಂದು ಕೊಡ್ತೀಯಾ?"

"ಕಿಲಿಯನ್!" ಅಂದ ಚಿಕ್ಕಪ್ಪ. "ನಾಳೆ ನಿನಗೆ ಸವಾರಿ ಇದೆ."

ಕೊಡಲು ಚಾಚಿದ ನನ್ನ ಕೈಯನ್ನು ನಾನು ಹಿಂದಕ್ಕೆ ತೆಗೆಯಲಿಲ್ಲ. ಅವನೂ ಮುಂದೆ ಬರಲಿಲ್ಲ. ಅಪ್ಪನ ಮುಖ ನೋಡುತ್ತ ಹಾಗೇ ನಿಂತ. ಆಗ ನೊರೀನ್ ಚಿಕ್ಕಮ್ಮ ಜನರ ನಡುವಿನಿಂದ ಬಂದಳು. ಗಂಡನ ಎದುರಿಗೆ ಮಾತಾಡಿದ್ದನ್ನು ನಾನು ಕೇಳಿಯೇ ಇಲ್ಲದ ಹೆಂಗಸು. ಕೈಚೀಲ ಬಿಚ್ಚಿ, ಬೆಳ್ಳಿ ಕಾಗದ ಸುತ್ತಿದ ಪೊಟ್ಟಣ ತೆಗೆದಳು. ಒಳಗೆ ನಿನ್ನೆಯ ಟರ್ಕಿಯ ಎದೆ ಮಾಂಸ ಇತ್ತು, ದಪ್ಪದಪ್ಪನೆ ಕೊಯ್ದದ್ದು. ಕೊಯ್ದವಳು ಅವಳೇ.

"ತಿನ್ನು ಕಂದ," ಅಂದಳು.

"ನೊರೀನ್, ಅವನ ತೂಕ..."

"ಮದುವೆ ಆದಾಗಿಂದ ನೀನು ಹಸ್ಕೊಂಡಿದ್ದನ್ನ ನೋಡಿದೆ ಫೆಲಿಮ್. ರಾತ್ರಿ ಎದ್ದು ಅಳೋದನ್ನೂ ನೋಡಿದೆ. ಇವಂದು ನೋಡಲ್ಲ. ನನ್ನ ಕೈಲಾಗಲ್ಲ."

ಕಿಲಿಯನ್ ಒಂದು ತುಂಡು ತೆಗೆದುಕೊಂಡ. ಅಪ್ಪನ ಕಡೆ ನೇರವಾಗಿ ನೋಡುತ್ತಲೇ ಬಾಯಿಗೆ ಹಾಕಿಕೊಂಡ. ಬಿರುಕು ಬಿಟ್ಟ ತುಟಿ ಉರಿದಿರಬೇಕು, ಕಣ್ಣಲ್ಲಿ ನೀರು ಬಂತು, ಆದರೂ ಅಗಿದ. ಇನ್ನೊಂದು ತೆಗೆದುಕೊಂಡ.

ಚಿಕ್ಕಮ್ಮ ಪೊಟ್ಟಣವನ್ನು ಇನ್ನಷ್ಟು ಬಿಚ್ಚಿ ಗಂಡನ ಮುಂದೆ ಹಿಡಿದಳು.

"ನಿನಗಿನ್ನು ಯಾವ ಕುದುರೆ ಹತ್ತೋದಿದೆ?" ಅಂದಳು.

ಅವನು ಬಹಳ ಹೊತ್ತು ಆ ಮಾಂಸವನ್ನು ನೋಡಿದ. ಆಮೇಲೆ ಕೈ ಹಾಕಿ ಎಲ್ಲಕ್ಕಿಂತ ತೆಳ್ಳಗಿದ್ದ ತುಂಡನ್ನು ಹುಡುಕತೊಡಗಿದ. ಆ ಪೊಟ್ಟಣದಲ್ಲಿ ತೆಳ್ಳಗಿನ ತುಂಡು ಒಂದೂ ಇರಲಿಲ್ಲ.